ನವೆಂಬರ್ 20ರಂದು ಟ್ರಾನ್ಸ್‌ಜೆಂಡರ್ ಸ್ಮರಣೆ ದಿನ ಆಚರಿಸುವುದು ಯಾಕೆ?

ದ್ವೇಷಕ್ಕೆ ಬಲಿಯಾದ ಟ್ರಾನ್ಸ್‌ಜೆಂಡರ್ ಜನರನ್ನು, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗಕ್ಕಿಂತ ಬೇರೆ ಲಿಂಗದವರಾಗಿ ತಮ್ಮನ್ನು ಕಂಡುಕೊಳ್ಳುವವರನ್ನು, ಹೆಸರು ಹಿಡಿದು ನೆನೆಯುವುದಕ್ಕೆ. ಇದರ ಬೇರು ಇರುವುದು ಅಮೆರಿಕದ ಬಾಸ್ಟನ್‌ನಲ್ಲಿ.

1998ರ ನವೆಂಬರ್ 28ರಂದು ಅಲ್ಲಿನ ಆಲ್‌ಸ್ಟನ್ ಬಡಾವಣೆಯಲ್ಲಿ ರೀಟಾ ಹೆಸ್ಟರ್ ಎಂಬ ಕಪ್ಪು ಟ್ರಾನ್ಸ್ ಮಹಿಳೆಯನ್ನು ಅವರ ಮನೆಯಲ್ಲೇ ಚಾಕುವಿನಿಂದ ಇರಿದರು. ಇಪ್ಪತ್ತು ವರ್ಷ ಕಳೆದರೂ ಕೊಂದವರು ಸಿಗಲಿಲ್ಲ. ಕೆಲವು ಪತ್ರಿಕೆಗಳಂತೂ ಅವರನ್ನು ಗಂಡಸು ಅಂತಲೇ ಬರೆದವು. ಬದುಕಿದ್ದಾಗ ಊರಿಗೆಲ್ಲ ರೀಟಾ ಆಗಿದ್ದವರಿಗೆ ಸತ್ತ ಮೇಲೆ ಆ ಹೆಸರೂ ಉಳಿಯಲಿಲ್ಲ. ಎಷ್ಟು ಕ್ರೂರ, ಅಲ್ವಾ? ವಾರದೊಳಗೆ ನೂರಾರು ಜನ ಮೇಣದಬತ್ತಿ ಹಿಡಿದು ಬೀದಿಗಿಳಿದರು. ಮಗಳ ಮನೆ ಮುಂದೆ ತಾಯಿ ಮಂಡಿಯೂರಿ ಪ್ರಾರ್ಥನೆ ಮಾಡಿದರು.

ಗ್ವೆಂಡೊಲಿನ್ ಆನ್ ಸ್ಮಿತ್ ಎಂಬ ಟ್ರಾನ್ಸ್ ಕಾರ್ಯಕರ್ತೆಯನ್ನು ಕಾಡಿದ್ದು ಇನ್ನೊಂದು ವಿಷಯ. 1995ರಲ್ಲಿ ಅಲ್ಲೇ ಪಕ್ಕದ ವಾಟರ್‌ಟೌನ್‌ನಲ್ಲಿ ಶನೆಲ್ ಪಿಕೆಟ್ ಎಂಬ ಇನ್ನೊಬ್ಬ ಟ್ರಾನ್ಸ್ ಮಹಿಳೆ ಸತ್ತಿದ್ದರು. ಆರೋಪಿ ಕೊಲೆ ಆರೋಪದಿಂದ ಪಾರಾಗಿ, ಹಲ್ಲೆಗೆ ಮಾತ್ರ ಎರಡು ವರ್ಷ ಸಜೆ ಪಡೆದಿದ್ದ. ಮೂರೇ ವರ್ಷದಲ್ಲಿ ಶನೆಲ್ ಹೆಸರು ಯಾರಿಗೂ ನೆನಪಿರಲಿಲ್ಲ. ಹಾಗಾಗಿ ಸ್ಮಿತ್ 1999ರಲ್ಲಿ ಈ ದಿನ ಶುರು ಮಾಡಿದರು. ಈಗ ಹಲವು ದೇಶಗಳಲ್ಲಿ ನವೆಂಬರ್ 20ರಂದು, ದ್ವೇಷಕ್ಕೆ ಬಲಿಯಾದವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ.

ಇದು ದೂರದ ಕಥೆ ಅಂತ ಸುಮ್ನೆ ಇರುವ ಹಾಗಿಲ್ಲ. ನಮ್ಮಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ಜನರ ಗುರುತನ್ನು ಮಾನ್ಯ ಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ಶೇ 1 ಮೀಸಲಾತಿ ಕೊಟ್ಟಿತು. ಆದರೆ ಕೇಂದ್ರದ 2019ರ ಕಾಯ್ದೆ ಇವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠವೇ ಹತ್ತು ವರ್ಷ.