ಲೈಟ್ ಆರಿಸಿ ಗಾಡಿ ಓಡಿಸುವ ಗಂಡ

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಗಂಡ-ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಮೊದಲು ಬಂದವರು ಹೆಂಡತಿ, ಒಬ್ಬರೇ. ಕೂತ ಕೂಡಲೇ ಹೇಳಿದರು: "ನಮ್ಮ ಮನಿಯವರು ರಾತ್ರಿ ಗಾಡಿ ಓಡಸೋವಾಗ ಲೈಟ್ ಆರಸ್ತಾರ್ರಿ ಮೇಡಂ."

ಗಂಡನಿಗೆ ಐವತ್ತು ದಾಟಿದೆ. ಸೈನ್ಯದಿಂದ ನಿವೃತ್ತರಾಗಿ ಬಂದು ಸ್ವಂತ ಟೆಂಪೊ ಇಟ್ಟುಕೊಂಡಿದ್ದಾರೆ. ಬೆಳಗಿನ ಜಾವ ಎರಡು ಗಂಟೆಗೆ ತರಕಾರಿ ತುಂಬಿಕೊಂಡು ಮಾರ್ಕೆಟ್ಟಿಗೆ ಹೊರಡುತ್ತಾರೆ. ಒಂದು ಮಳೆಯ ರಾತ್ರಿ ಹೆಂಡತಿಯೂ ಪಕ್ಕದಲ್ಲಿದ್ದರು. ಏರು ರಸ್ತೆ, ಮಂಜು. ಇದ್ದಕ್ಕಿದ್ದಂತೆ ಹೆಡ್‌ಲೈಟ್ ಆರಿತು. ಇವರು ಕಿರುಚಿಕೊಂಡಾಗ ಆತ ಬೆಚ್ಚಿಬಿದ್ದು ಲೈಟ್ ಹಾಕಿದರು. ತಾನೇ ಆರಿಸಿದ್ದು ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ.

ಕುಡಿದಿದ್ದರಾ ಅಂತ ಕೇಳಿದೆ. ಅವತ್ತು ಇಲ್ಲ. ಆದರೆ ಮಿಲಿಟರಿ ಕ್ಯಾಂಟೀನಿನ ರಮ್ ಈಗೀಗ ಜಾಸ್ತಿಯಾಗಿದೆ, ಅದಿಲ್ಲದೆ ನಿದ್ದೆ ಬರಲ್ಲ ಅಂದರು. ಯಾವಾಗಿಂದ? ಜುಲೈ 26ರಂದು ಊರಿನ ಶಾಲೆಯಲ್ಲಿ ಕಾರ್ಗಿಲ್ ವಿಜಯ ದಿವಸಕ್ಕೆ ಸನ್ಮಾನ ಮಾಡಿದ್ದರು. ಒಬ್ಬ ಹುಡುಗ ಎದ್ದು, "ಅಂಕಲ್, ನೀವು ಎಷ್ಟು ಜನ ಶತ್ರುಗಳನ್ನ ಹೊಡೆದ್ರಿ?" ಅಂತ ಕೇಳಿದ. ಇವರು ಮೈಕ್ ಕೆಳಗಿಟ್ಟು ಮನೆಗೆ ಬಂದವರು ಎರಡು ದಿನ ಮಾತಾಡಲಿಲ್ಲ.

ಎರಡು ವಾರ ಬಿಟ್ಟು ಅವರೇ ಬಂದರು. ಬಾಗಿಲು ಕಾಣುವ ಕುರ್ಚಿಯನ್ನೇ ಹುಡುಕಿ ಕೂತರು. ಮೊದಲ ಮಾತು: "ನಾ ಗುಂಡು ಹಾರಿಸಿದಾವ ಅಲ್ಲರಿ ಮೇಡಂ. ಸಾಮಾನು ಹೊತ್ತಾವ. ನನಗೇನೂ ಆಗಿಲ್ಲ."

ಈ ಮಾತಿನ ಮೇಲೇ ನಾವು ಹಲವು ತಿಂಗಳು ಕೆಲಸ ಮಾಡಬೇಕಾಯಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಅವರು ಸೈನ್ಯದ ಲಾರಿ ಡ್ರೈವರ್. ಸೋನಾಮಾರ್ಗ್‌ನಿಂದ ಜೋಜಿಲಾ ದಾಟಿ ದ್ರಾಸ್‌ಗೆ ಮದ್ದುಗುಂಡು ಒಯ್ಯುವ ಕೆಲಸ. ಜೋಜಿಲಾ ಅಂದರೆ ಹನ್ನೊಂದು ಸಾವಿರ ಅಡಿಗೂ ಮೇಲಿನ ಕಣಿವೆ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ದ್ರಾಸ್ ಹತ್ತಿರ ರಸ್ತೆ ತೋಲೋಲಿಂಗ್ ಬೆಟ್ಟದ ಕಣ್ಣಳತೆಯಲ್ಲೇ ಇದೆ. ಜೂನ್ 13ಕ್ಕೆ ನಮ್ಮವರು ಅದನ್ನು ಗೆಲ್ಲುವವರೆಗೆ ಮೇಲೆ ಕೂತವನಿಗೆ ಕೆಳಗಿನ ಒಂದೊಂದು ಗಾಡಿಯೂ ಕಾಣುತ್ತಿತ್ತು. ಅದಕ್ಕೇ ರಾತ್ರಿ ಸಂಚಾರ, ಲೈಟ್ ಆರಿಸಿಕೊಂಡು. ಮುಂದಿನ ಲಾರಿಯ ಕಪ್ಪು ಆಕಾರ ನೋಡಿಕೊಂಡೇ ಓಡಿಸಬೇಕು. ಹಿಂದೆ ತುಂಬಾ ಶೆಲ್ಲು. ಲೈಟ್ ಹಾಕಿದರೆ ಸಾವು ಅಂತ ಅವತ್ತು ಕೈ ಕಲಿತ ಪಾಠ. ಮಳೆ, ಏರು, ಮಂಜು ಮೂರೂ ಸೇರಿದಾಗ ಆ ಕೈ ಇವತ್ತಿಗೂ ಸ್ವಿಚ್ಚಿನ ಕಡೆ ಹೋಗುತ್ತದೆ. ಇದನ್ನು ವಿವರಿಸಿದಾಗ ಅವರು ತಮ್ಮ ಬಲಗೈಯನ್ನೇ ತುಂಬಾ ಹೊತ್ತು ನೋಡುತ್ತಾ ಕೂತರು. "ಹಂಗಾದ್ರ ನನಗ ಹುಚ್ಚು ಹಿಡಿದಿಲ್ಲ?" ಅಂದರು.

ಆರನೇ ಭೇಟಿಯಲ್ಲಿ ಕಾಗದದ ಮಾತು ಬಂತು. ಮುಂಚೂಣಿಯ ಹುಡುಗರು ಊರಿಗೆ ಬರೆದ ಕಾಗದಗಳನ್ನು ಇವರ ಕೈಗೆ ಕೊಡುತ್ತಿದ್ದರು, ಕೆಳಗೆ ಇಳಿದಾಗ ಡಬ್ಬಿಗೆ ಹಾಕಲಿ ಅಂತ. ಒಬ್ಬ ಹುಡುಗ ಒಂದು ಇನ್‌ಲ್ಯಾಂಡ್ ಕೊಟ್ಟ. ಅಂಟು ಸಿಗದೆ ಅನ್ನದ ಅಗುಳು ಹಚ್ಚಿ ಮುಚ್ಚಿದ್ದ. ಶೆಲ್ಲಿಂಗ್ ಜೋರಾಗಿ ಇವರ ಲಾರಿ ಜೋಜಿಲಾ-ದ್ರಾಸ್ ನಡುವಿನ ಮಾತಾಯಿನ್‌ನಲ್ಲಿ ಎರಡು ದಿನ ನಿಂತಿತು. ಆಮೇಲೆ ಮತ್ತೆ ಮೇಲೆ ಹೋಗುವ ಆದೇಶ. ಆ ಸಲ ವಾಪಸ್ ಬರುವಾಗ ಲಾರಿಯಲ್ಲಿದ್ದ ದೇಹಗಳಲ್ಲಿ ಆ ಹುಡುಗನದ್ದೂ ಒಂದು. ಕಾಗದ ಇನ್ನೂ ಇವರ ಜೇಬಿನಲ್ಲೇ. ಕೆಳಗೆ ಬಂದು ಡಬ್ಬಿಗೆ ಹಾಕಿದರು.

"ಅವನ ಅವ್ವಗ ಮೊದಲು ಹೆಣ ಮುಟ್ಟಿರಬೇಕು. ಆಮ್ಯಾಲೆ ಕಾಗದ. 'ನಾ ಆರಾಮ ಅದೀನಿ' ಅಂತ ಬರದಿರ್ತಾನಲ್ರೀ ಅದರಾಗ."

ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಇದನ್ನು ಯಾರಿಗೂ ಹೇಳಿರಲಿಲ್ಲ. ಆ ಯುದ್ಧದಲ್ಲಿ ನಮ್ಮ 527 ಯೋಧರು ಪ್ರಾಣ ಕೊಟ್ಟರು. ಅಂಥದ್ದರಲ್ಲಿ ಒಂದು ಕಾಗದ ತಡವಾಗಿದ್ದು ದೊಡ್ಡ ದುಃಖ ಅಂತ ಹೇಗೆ ಹೇಳೋದು ಅನ್ನೋದು ಅವರ ಸಂಕೋಚ. ನಾನು ಸಮಾಧಾನ ಹೇಳಲು ಹೋಗಲಿಲ್ಲ. ದೊಡ್ಡ ಹಾಳೆ ಕೊಟ್ಟು, ಆ ದಾರಿಯ ನಕ್ಷೆ ಬರೆಯಿರಿ ಅಂದೆ. ಸೋನಾಮಾರ್ಗ್, ಜೋಜಿಲಾ, ಗುಮ್ರಿ, ಮಾತಾಯಿನ್, ದ್ರಾಸ್. ಯಾವ ರಾತ್ರಿ ಎಲ್ಲಿದ್ದರು, ಗಾಡಿ ನಿಲ್ಲಿಸಿದ್ದು ಯಾರ ಆದೇಶ, ಅಂಚೆ ಡಬ್ಬಿ ಎಲ್ಲಿತ್ತು, ಎಲ್ಲ ಗುರುತು ಹಾಕಿದರು. ಬರೆಯುತ್ತಾ ಬರೆಯುತ್ತಾ ಪೆನ್ಸಿಲ್ ಮಾತಾಯಿನ್ ಮೇಲೆ ನಿಂತಿತು. "ಇಲ್ಲಿಂದ ಹ್ಯಾಂಗ ಇಳೀತಿದ್ದೆ?" ಅಂತ ತಮ್ಮನ್ನೇ ಕೇಳಿಕೊಂಡರು. ಕಾಗದ ತಡವಾಗಿದ್ದು ನಿಮ್ಮ ತಪ್ಪಲ್ಲ ಅಂತ ನಾನು ಹೇಳಿದ್ದರೆ ಬರೀ ಉಪಚಾರದ ಮಾತಾಗುತ್ತಿತ್ತು, ಅಲ್ವಾ? ಅವರದೇ ಕೈಬರಹದಲ್ಲಿ ಬಂದಿದ್ದಕ್ಕೆ ಅವರು ನಂಬಿದರು.

ಇನ್ನು ಕೊಟ್ಟ ಸಲಹೆ. ಮೊದಲ ದಿನವೇ ಹೇಳಿದ್ದು, ರಾತ್ರಿ ಡ್ರೈವಿಂಗ್ ಸದ್ಯಕ್ಕೆ ಬೇಡ. ಇದರಲ್ಲಿ ಚೌಕಾಸಿ ಇಲ್ಲ ಅಂದೆ. ತಮ್ಮನ ಮಗ ಓಡಿಸಲು ಒಪ್ಪಿದ. ಮನೋವೈದ್ಯರನ್ನೂ ನೋಡಲೇಬೇಕು ಅಂತ ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಪಾಲಿಕ್ಲಿನಿಕ್ ಮೂಲಕ ಕಳಿಸಿದೆ. ಅವರು ಪಿಟಿಎಸ್‌ಡಿ, ಅಂದರೆ ಭೀಕರ ಅನುಭವದ ಆಘಾತ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆ, ಅಂತ ಗುರುತಿಸಿ ಮಾತ್ರೆ ಶುರು ಮಾಡಿದರು. ರಮ್ಮನ್ನು ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದಂತೆ ಇಳಿಸಿ ಅಂದೆ. ತುಂಬಾ ಕುಡಿಯುತ್ತಿದ್ದವರು ದಿಢೀರ್ ಬಿಟ್ಟರೆ ಅದೂ ಅಪಾಯ. ಹಗಲು ಓಡಿಸುವಾಗ ಮೈ ಬಿಗಿದರೆ ಗಾಡಿ ಪಕ್ಕಕ್ಕೆ ಹಾಕಿ, ಕಿಲೋಮೀಟರ್ ಕಲ್ಲಿನ ಮೇಲಿನ ಊರಿನ ಹೆಸರು ಜೋರಾಗಿ ಓದಿ ಅಂದೆ. ಕನ್ನಡದ ಅಕ್ಷರ ಕಂಡರೆ ಇದು ದ್ರಾಸ್ ಅಲ್ಲ ಅಂತ ಮನಸ್ಸಿಗೆ ಬೇಗ ತಿಳಿಯುತ್ತದೆ.

ಹೆಂಡತಿಗೆ ಹೇಳಿದ್ದು ಬೇರೆ. ರಾತ್ರಿ ಕನವರಿಸಿದಾಗ ಮುಟ್ಟಿ ಅಲುಗಾಡಿಸಬೇಡಿ. ದೀಪ ಹಾಕಿ, ದೂರ ನಿಂತು ಕರೆಯಿರಿ. ಹೆಸರು ಹಿಡಿದು ಕರೆಯುವ ರೂಢಿ ಅವರಲ್ಲಿಲ್ಲ. "ಏನಂತೀನಿ, ಮನ್ಯಾಗ ಅದೀರಿ. ಮಳಿ ಬರಾಕತ್ತೈತಿ, ಅಷ್ಟ" ಅನ್ನುತ್ತಾರಂತೆ. ಇದಕ್ಕಿಂತ ಒಳ್ಳೆಯ ಮಾತು ನನಗೂ ಹೊಳೆಯುತ್ತಿರಲಿಲ್ಲ. ಅಪರಾತ್ರಿಯಲ್ಲಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಅಂತಲೂ ನಂಬರ್ ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು.

ಶಾಲೆಯವರು ಮತ್ತೆ ಕರೆದಿದ್ದಾರೆ. ಹೋಗಲೇಬೇಕು ಅಂತೇನಿಲ್ಲ ಅಂದಿದ್ದೇನೆ. ಹೋದರೆ ಹುಡುಗರಿಗೆ ಲಾರಿಯ ಬಗ್ಗೆ ಹೇಳುತ್ತಾರಂತೆ, ಲೈಟ್ ಇಲ್ಲದೆ ಹೇಗೆ ಓಡಿಸಿದೆವು ಅಂತ. ಕಾಗದದ ಮಾತು ಬೇಡ, ಅದು ನಮ್ಮ ಮನೆಯದ್ದು ಅಂದರು. ಜುಲೈ 26ಕ್ಕೆ ಎರಡು ದಿನ ಮೊದಲು ಒಂದು, ಮಾರನೇ ದಿನ ಒಂದು ಭೇಟಿ ಗೊತ್ತು ಮಾಡಿಕೊಂಡಿದ್ದೇವೆ.