ಸೆಕೆಗೆ ಎಂಜಿನ್ ನಾಕ್ ಆಗುತ್ತಿದೆ. ಗಾಳಿಯ ಬಿಸಿಗೆ ತಕ್ಕಂತೆ ಇಗ್ನಿಷನ್ ಟೈಮಿಂಗ್ ಎಷ್ಟು ಕಡಿಮೆ ಮಾಡಬೇಕು?

ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ನಾಕ್ (ಸಿಲಿಂಡರ್ ಒಳಗೆ ಇಂಧನ ತಾನಾಗಿಯೇ ಸಿಡಿದು ಬಡಿಯುವುದು) ಆಗುತ್ತದೆ, ಕಿಡಿ ಹಾರುವ ಸಮಯವನ್ನು (ಟೈಮಿಂಗ್) ಗಾಳಿಯ ಬಿಸಿಗೆ ತಕ್ಕಂತೆ ಕಡಿತ ಮಾಡುವ ಕಂಪೆನ್ಸೇಷನ್ ಟೇಬಲ್‌ನಲ್ಲಿ ಯಾವ ಸಂಖ್ಯೆ ತುಂಬಲಿ ಎಂದು ಕೇಳಿದ್ದೀರಿ. ಸಂಖ್ಯೆ ಕೊಡುವುದಿಲ್ಲ. ನನಗೂ ಒಬ್ಬರು ಕೊಟ್ಟಿದ್ದರು, ಅದನ್ನು ನಂಬಿ ಒಂದು ಪಿಸ್ಟನ್ ಕಳೆದುಕೊಂಡೆ.

ನನ್ನದು ಹಳೆಯ ಮಾರುತಿ ಎಸ್ಟೀಮ್, 1298 ಸಿಸಿ. ಊರು ಬದಿಯಡ್ಕದ ಹತ್ತಿರ. ಕಂಪನಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತೆಗೆದು ಲ್ಯಾಪ್‌ಟಾಪ್‌ನಿಂದ ತಿದ್ದಬಹುದಾದ ಒಂದನ್ನು ಕೂರಿಸಿದ್ದೆ. ಗಾಳಿಯ ತಾಪ ಅಳೆಯುವ ಸೆನ್ಸರ್‌ಗೆ ಜಾಗ ಹುಡುಕುವಾಗ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ ಬೋಲ್ಟ್ ಹಾಕಿ ಮುಚ್ಚಿದ್ದ ತೂತೊಂದು ಕಣ್ಣಿಗೆ ಬಿತ್ತು. ಕೊರೆಯುವ ಕೆಲಸ ಉಳಿಯಿತಲ್ಲ ಎಂದು ಅಲ್ಲಿಯೇ ತಿರುಗಿಸಿ ಬಿಟ್ಟೆ. ಆ ಐದು ನಿಮಿಷದ ಸೋಮಾರಿತನವೇ ಮುಂದಿನ ಎಲ್ಲಕ್ಕೂ ಮೂಲ.

ಯಾಕೆ ಎಂದರೆ, ಮ್ಯಾನಿಫೋಲ್ಡ್ ಅಲ್ಯೂಮಿನಿಯಂ. ಸಿಲಿಂಡರ್ ಹೆಡ್‌ಗೆ ಅಂಟಿಕೊಂಡೇ ಇರುತ್ತದೆ. ಕಾರು ನಿಂತಲ್ಲಿ ಹತ್ತು ನಿಮಿಷ ಚಾಲೂ ಇದ್ದರೆ ಅದು ಕಾದು ಕೂರುತ್ತದೆ. ಅದಕ್ಕೆ ಸಿಕ್ಕಿಸಿದ ಸೆನ್ಸರ್ ಹೇಳುವುದು ಲೋಹದ ಬಿಸಿಯನ್ನು, ಒಳಗೆ ಹೋಗುವ ಗಾಳಿಯದ್ದನ್ನಲ್ಲ. ದೋಸೆಯ ಕಾವಲಿಯ ಮೇಲೆ ಬೆರಳಿಟ್ಟು ಇವತ್ತು ಸೆಕೆ ಜಾಸ್ತಿ ಎಂದ ಹಾಗೆ.

ನಾನು ತುಂಬಿದ ಟೇಬಲ್ ಪರಿಚಯದವರೊಬ್ಬರ ಟರ್ಬೊ ಕಾರಿನದ್ದು: ಗಾಳಿ 44 ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 4 ಸೆಲ್ಸಿಯಸ್‌ಗೆ 1 ಡಿಗ್ರಿ ಟೈಮಿಂಗ್ ಹಿಂದಕ್ಕೆ, ಅಂದರೆ ಕಿಡಿ ಅಷ್ಟು ತಡವಾಗಿ. ಏಪ್ರಿಲ್‌ನ ಒಂದು ಮಧ್ಯಾಹ್ನ ಕುಂಬಳೆ ರಸ್ತೆಯಲ್ಲಿ ಟ್ಯೂನ್ ಮಾಡಲು ಹೊರಟೆ. ಅರ್ಧ ಕಿಲೋಮೀಟರ್ ಓಡಿಸುವುದು, ಬದಿಗೆ ನಿಲ್ಲಿಸಿ ಲ್ಯಾಪ್‌ಟಾಪ್‌ನಲ್ಲಿ ದಾಖಲಾದ ಲಾಗ್ ನೋಡುವುದು, ಮತ್ತೆ ಅರ್ಧ ಕಿಲೋಮೀಟರ್. ಲೋಹ ತಣಿಯಲು ಸಮಯವೇ ಸಿಗಲಿಲ್ಲ. ಸೆನ್ಸರ್ 68 ತೋರಿಸುತ್ತಿತ್ತು. ಅಂದರೆ ಟೇಬಲ್ ನನಗೆ ತಿಳಿಯದಂತೆ 6 ಡಿಗ್ರಿ ಕಡಿತ ಮಾಡುತ್ತಿತ್ತು. ಫುಲ್ ಲೋಡ್‌ನಲ್ಲಿ ಬೇಸ್ ಮ್ಯಾಪ್ (ಕಡಿತಕ್ಕೆ ಮೊದಲಿನ ಮೂಲ ಟೈಮಿಂಗ್) 24 ಡಿಗ್ರಿ ಇತ್ತು, ಎಂಜಿನ್‌ಗೆ ಸಿಗುತ್ತಿದ್ದದ್ದು 18. ಕಾರು ಎಳೆಯಲಿಲ್ಲ. ಕಂಪೆನ್ಸೇಷನ್ ಕಾಲಂ ಲಾಗ್‌ನಲ್ಲಿ ಇದ್ದರೂ ನಾನು ನೋಡಲಿಲ್ಲ. ಬೇಸ್ ಮ್ಯಾಪ್‌ ದುರ್ಬಲವಾಗಿದೆ ಎಂದುಕೊಂಡು ಅದನ್ನೇ 30ಕ್ಕೆ ಏರಿಸಿದೆ. ಮೂವತ್ತರಲ್ಲಿ ಆರು ಕಳೆದರೆ ಇಪ್ಪತ್ತನಾಲ್ಕು. ಕಾರು ಗಾಳಿಯಂತೆ ಓಡಿತು, ಒಂದಿಷ್ಟೂ ನಾಕ್ ಇಲ್ಲ. ಆ ರಾತ್ರಿ ನನ್ನಷ್ಟು ಜಾಣ ಕಾಸರಗೋಡು ಜಿಲ್ಲೆಯಲ್ಲೇ ಇರಲಿಲ್ಲ.

ಮರುವಾರ ಅಮ್ಮನನ್ನು ಕೂರಿಸಿಕೊಂಡು ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾರಿಯಾಗಿ ಮಡಿಕೇರಿಗೆ ಹೊರಟೆ. ಎಲ್ಲಿಯೂ ನಿಲ್ಲದ ಓಟ, ಮೇಲೇರಿದಂತೆ ತಂಪು ಗಾಳಿ. ಸಂಪಾಜೆ ಘಾಟಿಯಲ್ಲಿ ಸೆನ್ಸರ್ 43ಕ್ಕೆ ಇಳಿದಿತ್ತು (ಲಾಗ್ ಆಮೇಲೆ ನೋಡಿದ್ದು). ಕಂಪೆನ್ಸೇಷನ್ ಪೂರ್ತಿ ಮಾಯ. ಎಂಜಿನ್‌ಗೆ 30 ಡಿಗ್ರಿ, ಅದೂ ಏರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ತುಳಿದು. ಪಿಸ್ಟನ್ ಮೇಲೆ ಬರುವುದಕ್ಕೆ ತುಂಬ ಮೊದಲೇ ಕಿಡಿ ಹಾರಿ ಒತ್ತಡ ಏರಿಬಿಡುತ್ತದೆ. ಮೂಲೆಯಲ್ಲಿ ಇನ್ನೂ ಸುಡದೆ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ತಗಡಿನ ಡಬ್ಬಿಯಲ್ಲಿ ಹುಣಸೆ ಬೀಜ ಅಲ್ಲಾಡಿಸಿದಂಥ ಆ ಸದ್ದು ಹಿಂದೆ ಕುಳಿತಿದ್ದ ಅಮ್ಮನಿಗೆ ಕೇಳಿಸಿತು. "ಇದು ಎಂಥ ಸದ್ದು?" ಎಂದರು. ರಸ್ತೆಯ ಜಲ್ಲಿ ಎಂದೆ. ಮಡಿಕೇರಿ ಮುಟ್ಟುವಾಗ ಹಿಂದೆ ನೀಲಿ ಹೊಗೆ.

ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದರೆ ನಾಲ್ಕರಲ್ಲಿ ಮೂರು ಸಿಲಿಂಡರ್‌ಗಳಲ್ಲಿ 170 ಪಿಎಸ್‌ಐ ಆಸುಪಾಸು, ಮೂರನೇ ನಂಬರಿನದರಲ್ಲಿ ಬರೀ 80. ಬಿಚ್ಚಿದಾಗ ಆ ಪಿಸ್ಟನ್‌ನಲ್ಲಿ ಎರಡು ರಿಂಗ್‌ಗಳ ನಡುವಿನ ಅಂಚು ಒಡೆದಿತ್ತು. ನಮ್ಮೂರಿನ ಹಳೆಯ ಮೆಕ್ಯಾನಿಕ್, ಎಲ್ಲರಿಗೂ ಕಾಕ, ಸೆನ್ಸರ್ ಇದ್ದ ಜಾಗಕ್ಕೆ ಬೆರಳು ತೋರಿಸಿ, "ಗಾಳಿಯ ಬಿಸಿ ನೋಡುವುದು ಬಿಟ್ಟು ಎಂಜಿನ್ನಿನ ಜ್ವರ ನೋಡಿದ್ದೀಯಲ್ಲ" ಎಂದರು. ಅವರಿಗೆ ಲ್ಯಾಪ್‌ಟಾಪ್ ತೆರೆಯಲೂ ಬಾರದು.

ಹಾಗಾಗಿ "ಎಷ್ಟು ಡಿಗ್ರಿ" ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮೊದಲು ಸೆನ್ಸರ್ ಅನ್ನು ಏರ್ ಫಿಲ್ಟರ್‌ನ ನಂತರದ ಪ್ಲಾಸ್ಟಿಕ್ ಅಥವಾ ರಬ್ಬರ್ ಪೈಪಿಗೆ ಸಾಗಿಸಿ. ಹಿತ್ತಾಳೆಯ ಟೋಪಿ ಮುಚ್ಚಿದ್ದು ಬೇಡ, ಗಾಳಿಗೆ ತೆರೆದುಕೊಂಡಿರುವುದನ್ನೇ ಕೊಳ್ಳಿ, ಅದು ಬೇಗ ಸ್ಪಂದಿಸುತ್ತದೆ. ಬೇಸ್ ಮ್ಯಾಪ್ ತಿದ್ದುವಾಗ ಗಾಳಿ ಮತ್ತು ಕೂಲಂಟ್ (ಎಂಜಿನ್ ತಣಿಸುವ ದ್ರವ) ಎರಡರ ಕಂಪೆನ್ಸೇಷನ್‌ ಸೊನ್ನೆಯಲ್ಲಿರಬೇಕು, ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಟೈಮಿಂಗ್ ಕಡಿಮೆಯಿಂದ ಆರಂಭಿಸಿ ಒಂದೊಂದೇ ಡಿಗ್ರಿ ಏರಿಸಬೇಕು. ಬೇಸ್ ಗಟ್ಟಿಯಾದ ಮೇಲೆಯೇ ಕಡಿತದ ಟೇಬಲ್, ಅದೂ ಹೆಚ್ಚು ಲೋಡ್‌ನಲ್ಲಿ ಮಾತ್ರ. ಐಡಲ್‌ನಲ್ಲಿ (ನಿಂತಲ್ಲಿ ಚಾಲೂ ಇರುವಾಗ) ಕಡಿತ ಮಾಡಿದರೆ ಕಾರು ನಡುಗುತ್ತದೆ ಅಷ್ಟೆ. ಭಯಕ್ಕೆ ಸುಮ್ಮನೆ ಹೆಚ್ಚು ಕಡಿತ ಮಾಡುವುದೂ ಬೇಡ, ಆಗ ಹೊಗೆಕೊಳವೆಯ ಕಡೆಗೆ ಬಿಸಿ ಏರುತ್ತದೆ.

ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಹಾಕಿದರೆ ಸಾಕೇ ಎಂದೂ ಕೇಳಿದ್ದೀರಿ. ಸದ್ದು ನಿಲ್ಲಬಹುದು, ಸೆನ್ಸರ್ ಸುಳ್ಳು ಹೇಳುವುದು ನಿಲ್ಲುವುದಿಲ್ಲ. ಇಲ್ಲಿಯವರು ಅಗ್ಗದ ಪೆಟ್ರೋಲ್‌ಗೆಂದು ತಲಪಾಡಿ ದಾಟಿ ಕರ್ನಾಟಕಕ್ಕೆ ಹೋಗುವವರು, ಹೆಚ್ಚು ಆಕ್ಟೇನ್‌ನದ್ದರ ಖರ್ಚು ನನಗಂತೂ ಹಿಡಿಸದು.

ಬಾನೆಟ್ ತೆರೆದು ನಿಮ್ಮ ಸೆನ್ಸರ್‌ನ ಒಂದು ಫೋಟೊ ಹಾಕಿ. ಅದು ಯಾವುದಾದರೂ ಲೋಹಕ್ಕೆ ಅಂಟಿಕೊಂಡಿದ್ದರೆ ಇವತ್ತು ಲ್ಯಾಪ್‌ಟಾಪ್ ತೆಗೆಯಲೇಬೇಡಿ.