ಮೇಷ್ಟ್ರಿಗೊಂದು ಕಾಗದ: ಬಲ್ಬು ಕರೆಂಟು ತಿನ್ನುವುದಿಲ್ಲ

ಮಾನ್ಯ ಮೇಷ್ಟ್ರೇ,

ನಮಸ್ಕಾರ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆಂದು ನೀವು ಬರೆದು ಕಳಿಸಿದ ಭೌತವಿಜ್ಞಾನದ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ವಿದ್ಯುತ್ತು, ಕಾಂತತ್ವ, ಬೆಳಕು, ಪರಮಾಣು ಎಂದು ನಾಲ್ಕು ಭಾಗ, ಇನ್ನೂರು ಚಿಲ್ಲರೆ ಪುಟ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ನಮ್ಮಿಂದ ಆಗದು. ಆದರೆ ತಿದ್ದಿ ಬರೆದರೆ ಒಳ್ಳೆಯ ಪುಸ್ತಕವಾದೀತು ಅನ್ನುವ ನಂಬಿಕೆ ನನಗಿದೆ. ಅದಕ್ಕೇ ‘ವಿಷಾದದಿಂದ ಹಿಂದಿರುಗಿಸಿದೆ’ ಅನ್ನುವ ಎರಡು ಸಾಲಿನ ಚೀಟಿ ಲಗತ್ತಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ಖಾರವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎಂಟು ಪುಟ ತೆಗೆದುಬಿಡಿ. ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಶುರುವಾಗಿ, ಭೌತಶಾಸ್ತ್ರ ಕಬ್ಬಿಣದ ಕಡಲೆಯೆಂದು ಹೆದರಿಸಿ, ಆಮೇಲೆ ಹೆದರಬೇಡಿ ಎಂದು ಬೆನ್ನು ತಟ್ಟುವ ಪೀಠಿಕೆ ನನ್ನ ಮೇಜಿಗೆ ಬರುವ ವಿಜ್ಞಾನದ ಹಸ್ತಪ್ರತಿಗಳಲ್ಲಿ ಮುಕ್ಕಾಲು ಪಾಲಿಗೆ ಇದ್ದೇ ಇರುತ್ತದೆ. ಧೈರ್ಯವಾಗಿ ಪುಸ್ತಕ ತೆರೆದ ಹುಡುಗನಿಗೂ ಅದನ್ನು ಓದಿದ ಮೇಲೆ ಒಂದು ಅನುಮಾನ ಹುಟ್ಟಿಕೊಳ್ಳುತ್ತದೆ.

ಇಡೀ ಹಸ್ತಪ್ರತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಜಾಗ 46ನೇ ಪುಟ. ನಿಮ್ಮ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಬಲ್ಬು ಕರೆಂಟನ್ನೆಲ್ಲ ತಿಂದುಬಿಟ್ಟರೆ ಎರಡನೇ ವಯರು ಯಾಕೆ ಬೇಕು?’ ಎಂದು ಕೇಳುತ್ತಾಳೆ. ಎಂಥ ಪ್ರಶ್ನೆ! ನೀವು ಅದಕ್ಕೆ ‘ಮಂಡಲ ಪೂರ್ಣವಾಗಲು’ ಎಂದು ಒಂದು ಸಾಲು ಉತ್ತರ ಬರೆದು, ಮುಂದಿನ ಪ್ಯಾರಾದಲ್ಲೇ ಓಮ್ ನಿಯಮದ ವ್ಯಾಖ್ಯೆಗೆ ಹೋಗಿದ್ದೀರಿ. ಆ ಹುಡುಗಿ ಸುಮ್ಮನೆ ಕೂತಳು, ಅಷ್ಟೆ. ಅವಳಿಗೆ ಉತ್ತರ ಸಿಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವಳಿಗೆ ಆ ತಪ್ಪು ಕಲ್ಪನೆ ಬಂದದ್ದೇ ನಿಮ್ಮ 31ನೇ ಪುಟದಿಂದ. ‘ಬಲ್ಬಿನಲ್ಲಿ ವಿದ್ಯುತ್ ಪ್ರವಾಹ ಖರ್ಚಾಗಿ ಬೆಳಕಾಗುತ್ತದೆ’ ಎಂದು ಅಲ್ಲಿ ನೀವೇ ಬರೆದಿದ್ದೀರಿ.

ಪ್ರವಾಹ ಖರ್ಚಾಗುವುದಿಲ್ಲ. 230 ವೋಲ್ಟಿಗೆ ಹಾಕಿದ 60 ವ್ಯಾಟಿನ ಹಳೇ ಬಲ್ಬಿಗೆ ಒಂದು ತಂತಿಯಲ್ಲಿ ಸುಮಾರು 0.26 ಆಂಪಿಯರ್ ಹೋದರೆ ಇನ್ನೊಂದರಲ್ಲಿ ಅಷ್ಟೇ 0.26 ಆಂಪಿಯರ್ ವಾಪಸು ಬರುತ್ತದೆ. ಬಲ್ಬು ತೆಗೆದುಕೊಳ್ಳುವುದು ಶಕ್ತಿಯನ್ನು. ಮನೆ ಮೀಟರು ಎಣಿಸುವುದೂ ಅದನ್ನೇ: ಸಾವಿರ ವ್ಯಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಇದನ್ನು ಹೇಳಿದರೆ ಸಾಲದು, ಕಾಣಿಸಬೇಕು. ನಿಮ್ಮ ಶಾಲೆಯ ಬೀರುವಿನಲ್ಲಿ ಕರೆಂಟು ಅಳೆಯುವ ಎರಡು ಅಮ್ಮೀಟರು ಖಂಡಿತ ಇರುತ್ತವೆ. ಟಾರ್ಚ್ ಬಲ್ಬಿನ ಈಚೆಗೊಂದು, ಆಚೆಗೊಂದು ಜೋಡಿಸಿ. ಮುಳ್ಳು ಎಲ್ಲಿ ನಿಲ್ಲುತ್ತದೆಂದು ಮಕ್ಕಳೇ ಮೊದಲು ಊಹಿಸಿ ಹಲಗೆಯ ಮೇಲೆ ಬರೆಯಲಿ. ಬಹುಪಾಲು ಮಕ್ಕಳು ಆಚೆಯದು ಕಡಿಮೆ ಎಂದೇ ಬರೆಯುತ್ತಾರೆ. ಎರಡೂ ಒಂದೇ ಅಂಕಿ ತೋರಿಸಿದಾಗ ತರಗತಿಯಲ್ಲಿ ಏಳುವ ಗದ್ದಲವಿದೆಯಲ್ಲ, ನಿಮ್ಮ ಅಧ್ಯಾಯ ಶುರುವಾಗಬೇಕಾದದ್ದು ಅಲ್ಲಿಂದ.

ನನ್ನ ತಕರಾರು ಇಷ್ಟೆ, ಇಡೀ ಪುಸ್ತಕಕ್ಕೂ ಅನ್ವಯಿಸುತ್ತದೆ. ನೀವು ವ್ಯಾಖ್ಯೆ, ಸೂತ್ರ, ಏಕಮಾನ, ಬಿಡಿಸಿದ ಲೆಕ್ಕ ಎಂಬ ಪಠ್ಯಪುಸ್ತಕದ ಕ್ರಮವನ್ನೇ ಹಿಡಿದು ನಡೆದಿದ್ದೀರಿ. ಆ ಪುಸ್ತಕವನ್ನು ಸರ್ಕಾರಿ ಶಾಲೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಅದನ್ನೇ ಇನ್ನೊಮ್ಮೆ ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಮಗು ಎಲ್ಲಿ ಎಡವುತ್ತದೆ ಅನ್ನುವುದು ಪಠ್ಯಪುಸ್ತಕಕ್ಕೆ ಗೊತ್ತಿಲ್ಲ, ದಿನಾ ತರಗತಿಯಲ್ಲಿ ನಿಲ್ಲುವ ನಿಮಗೆ ಗೊತ್ತು. ಆ ಎಡವುವ ಜಾಗಗಳನ್ನೇ ಹಿಡಿದು ಬರೆಯಿರಿ.

ಅಂಥದ್ದೇ ಇನ್ನೊಂದು ಜಾಗ 38ನೇ ಪುಟ. ಸ್ವಿಚ್ ಒತ್ತಿದ ಕೂಡಲೇ ದೀಪ ಹತ್ತುತ್ತದೆ, ಏಕೆಂದರೆ ಎಲೆಕ್ಟ್ರಾನುಗಳು ಬೆಳಕಿನ ವೇಗದಲ್ಲಿ ಓಡುತ್ತವೆ ಎಂದಿದ್ದೀರಿ. ತಪ್ಪು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಮುಂದಕ್ಕೆ ಸರಿಯುವ ಸರಾಸರಿ ವೇಗ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಅಂದರೆ ಒಂದು ಮೀಟರ್ ದಾಟಲು ಮೂರೂಮುಕ್ಕಾಲು ಗಂಟೆ. ಮನೆಯ ಎಸಿ ಕರೆಂಟಿನಲ್ಲಂತೂ ಅವು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತುಯ್ಯುತ್ತ ಇದ್ದಲ್ಲೇ ಇರುತ್ತವೆ. ವೇಗವಾಗಿ ಓಡುವುದು ‘ಹೊರಡು’ ಎಂದು ಹೇಳುವ ವಿದ್ಯುತ್ ಕ್ಷೇತ್ರ. ಎಲೆಕ್ಟ್ರಾನುಗಳು ತಂತಿಯ ಉದ್ದಕ್ಕೂ ಮೊದಲೇ ತುಂಬಿಕೊಂಡಿವೆ, ಬಲ್ಬಿನೊಳಗೂ ಇವೆ. ಈ ಲೆಕ್ಕವನ್ನು ಹತ್ತನೇ ತರಗತಿಯ ಜಾಣ ಹುಡುಗ ತಾನೇ ಮಾಡಬಹುದು. ಮಾಡಿಸಿ.

ನೀರಿನ ಟ್ಯಾಂಕು, ಪೈಪಿನ ಹೋಲಿಕೆಯನ್ನು ಮೂರು ಪುಟ ಎಳೆದಿದ್ದೀರಿ. ಅರ್ಧ ಪುಟ ಸಾಕು. ಅದು ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಅಲ್ಲೇ ಹೇಳಿಬಿಡಿ: ಪೈಪು ಕತ್ತರಿಸಿದರೆ ನೀರು ಸುರಿಯುತ್ತದೆ, ತಂತಿ ಕತ್ತರಿಸಿದರೆ ಕರೆಂಟು ನಿಂತೇ ಹೋಗುತ್ತದೆ.

ಈಗ ನೀವು ಪೂರಾ ಬಿಟ್ಟಿರುವ ಒಂದು ಗಂಟು. ಹೈಟೆನ್ಷನ್ ಲೈನಿನಲ್ಲಿ ವೋಲ್ಟೇಜು ಏರಿಸಿ ಕಳಿಸಿದರೆ ನಷ್ಟ ಕಡಿಮೆ ಎಂದು ಬರೆದು ಮುಂದೆ ಹೋಗಿದ್ದೀರಿ. ಓಮ್ ನಿಯಮ ಓದಿದ ಹುಡುಗ ಕೇಳಿಯೇ ಕೇಳುತ್ತಾನೆ: ವೋಲ್ಟೇಜು ಏರಿದರೆ ಕರೆಂಟೂ ಏರಬೇಕಲ್ಲವೇ, ಆಗ ತಂತಿ ಇನ್ನೂ ಬಿಸಿಯಾಗಬೇಕಲ್ಲವೇ? ಇದಕ್ಕೆ ಅಂಕಿ ಇಟ್ಟು ಉತ್ತರ ಕೊಡಿ. ಸಾವಿರ ಕಿಲೋವ್ಯಾಟ್ ಕಳಿಸಬೇಕು, ಲೈನಿನ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. ಸಾವಿರ ವೋಲ್ಟಿನಲ್ಲಿ ಕಳಿಸಿದರೆ ಸಾವಿರ ಆಂಪಿಯರ್ ಹರಿಯಬೇಕು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 500 ಕಿಲೋವ್ಯಾಟ್ ದಾರಿಯಲ್ಲೇ ಬಿಸಿಯಾಗಿ ಹೋಯಿತು. ಅರ್ಧಕ್ಕರ್ಧ! ಹತ್ತು ಸಾವಿರ ವೋಲ್ಟಿನಲ್ಲಾದರೆ ನೂರೇ ಆಂಪಿಯರ್, ನಷ್ಟ ಬರೀ 5 ಕಿಲೋವ್ಯಾಟ್. ಓಮ್ ನಿಯಮ ಸುಳ್ಳಾಯಿತೇ? ಇಲ್ಲ. ಆ ಸೂತ್ರದಲ್ಲಿರುವ ವೋಲ್ಟು ತಂತಿಯ ಈ ತುದಿಗೂ ಆ ತುದಿಗೂ ನಡುವಿನದು. ಮೊದಲ ಲೆಕ್ಕದಲ್ಲಿ ಅದು 500, ಎರಡನೆಯದರಲ್ಲಿ 50. ಲೈನಿನ ಹತ್ತು ಸಾವಿರ ಬೇರೆ, ಈ 50 ಬೇರೆ. ಎಷ್ಟೋ ಪುಸ್ತಕಗಳು ಇದನ್ನು ಬಿಡಿಸಿ ಹೇಳದೆ ಮಕ್ಕಳನ್ನು ನಡುನೀರಿನಲ್ಲಿ ಬಿಡುತ್ತವೆ.

ಇದೇ ಜಾಗದಲ್ಲಿ ನೀವು ಅಮೆರಿಕದ ನಯಾಗರ ಜಲಪಾತದಿಂದ ಕರೆಂಟು ತಂದ ಕಥೆ ಹೇಳಿದ್ದೀರಿ. ನಯಾಗರ ಇರಲಿ ಸ್ವಾಮಿ, ಕೋಲಾರ ಜಿಲ್ಲೆಯಲ್ಲಿ ಪಾಠ ಮಾಡುವ ನೀವು ಶಿವನಸಮುದ್ರವನ್ನು ಹೇಗೆ ಮರೆತಿರಿ? ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೊರಟ ಯೋಜನೆ. 1902ರಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ಕರೆಂಟು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಬಂದು ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಆ ಕಾಲಕ್ಕೆ ಅದು ಪ್ರಪಂಚದ ಬಲು ಉದ್ದದ ಲೈನುಗಳಲ್ಲೊಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಷ್ಟು ದೂರ ಕಡಿಮೆ ವೋಲ್ಟಿನಲ್ಲಿ ಕಳಿಸಿದ್ದರೆ ಗಣಿಗೆ ಏನು ಉಳಿಯುತ್ತಿತ್ತು ಎಂದು ನಿಮ್ಮ ಮಕ್ಕಳು ಮೇಲಿನ ಲೆಕ್ಕದಿಂದ ಅಂದಾಜು ಮಾಡಲಿ. ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಹತ್ತಿರ ಹೋದಾಗ, ವೋಲ್ಟೇಜು ಇಳಿಸುವ ಆ ಡಬ್ಬ ಅಲ್ಲಿ ಯಾಕೆ ಇದೆ ಅನ್ನುವುದೂ ಹೊಳೆಯುತ್ತದೆ.

ನಾಲ್ಕು ಭಾಗಗಳಲ್ಲಿ ಕಾಂತತ್ವದ್ದೇ ಚೆನ್ನಾಗಿದೆ. ಆದರೆ ಕರೆಂಟು ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಅರ್ಸ್ಟೆಡ್ ಪ್ರಯೋಗವನ್ನು ನೀವು ಬರೆದ ಹಾಗೇ ಮಾಡಿದ ಮಗುವಿಗೆ ಏನೂ ಕಾಣದಿರಬಹುದು. ದಿಕ್ಸೂಚಿಯ ಮೇಲೆ ತಂತಿ ಹಿಡಿಯಿರಿ ಎಂದಿದ್ದೀರಿ, ಯಾವ ದಿಕ್ಕಿಗೆ ಎಂದು ಹೇಳಿಲ್ಲ. ತಂತಿ ಪೂರ್ವ–ಪಶ್ಚಿಮವಾಗಿದ್ದರೆ ಅದರ ಕಾಂತಕ್ಷೇತ್ರ ಮುಳ್ಳಿನ ಉದ್ದಕ್ಕೇ ಬೀಳುತ್ತದೆ, ಮುಳ್ಳು ಪಕ್ಕಕ್ಕೆ ತಿರುಗುವುದಿಲ್ಲ. ತಂತಿಯನ್ನು ಮುಳ್ಳಿನ ನೇರಕ್ಕೆ, ಉತ್ತರ–ದಕ್ಷಿಣವಾಗಿ ಹಿಡಿಯಬೇಕು. ಆಗ ನೋಡಿ, ಅಡ್ಡಕ್ಕೆ ವಾಲುತ್ತದೆ. ಸೆಲ್ಲಿನ ಎರಡು ತುದಿಗೆ ಬರೀ ತಂತಿ ಮುಟ್ಟಿಸುವುದರಿಂದ ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ತಂತಿ ಬಿಸಿಯಾಗುತ್ತದೆ ಎಂದೂ ಸೇರಿಸಿ. 1820ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅರ್ಸ್ಟೆಡ್ ಏನು ಕಂಡರು ಅನ್ನುವುದಕ್ಕಿಂತ ಅವರ ಬಾಲ್ಯ, ವಿದ್ಯಾಭ್ಯಾಸಗಳೇ ನಿಮ್ಮಲ್ಲಿ ಹೆಚ್ಚು ಜಾಗ ತಿಂದಿವೆ. ಕತ್ತರಿ ಹಾಕಿ.

ಉಳಿದ ಜಾಗ ಫ್ಯಾರಡೆಗೆ ಕೊಡಿ. ನೀವು ನಿಯಮ ಮಾತ್ರ ಬರೆದಿದ್ದೀರಿ. 1831ರ ಆಗಸ್ಟ್ 29ರಂದು ಅವರ ಮುಂದೆ ಒಂದು ಕಬ್ಬಿಣದ ಬಳೆ, ಅದಕ್ಕೆ ಎರಡು ಬದಿಯಲ್ಲಿ ಬೇರೆ ಬೇರೆ ತಂತಿ ಸುತ್ತು. ಒಂದು ಸುತ್ತಿಗೆ ಬ್ಯಾಟರಿ ಜೋಡಿಸಿದರು. ಇನ್ನೊಂದರ ಹತ್ತಿರವಿದ್ದ ಮುಳ್ಳು ಒಮ್ಮೆ ಅಲುಗಿತು, ತೂಗಾಡಿ ಮೊದಲಿದ್ದಲ್ಲಿಗೇ ಬಂದು ನಿಂತಿತು. ಬ್ಯಾಟರಿ ಜೋಡಿಸಿಯೇ ಇತ್ತು, ಕರೆಂಟು ಹರಿಯುತ್ತಲೇ ಇತ್ತು, ಮುಳ್ಳು ಮಾತ್ರ ಸುಮ್ಮನೆ. ಬಿಡಿಸಿದಾಗ ಮತ್ತೊಮ್ಮೆ ಅಲುಗಿತು. ಕಾಂತಕ್ಷೇತ್ರ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು ಎಂಬ ಮಾತು ಆ ಅಲುಗಾಟದಲ್ಲೇ ಇದೆ. ಟ್ರಾನ್ಸ್‌ಫಾರ್ಮರಿಗೆ ಎಸಿ ಯಾಕೆ ಬೇಕು, ಸೈಕಲ್ ನಿಂತರೆ ಡೈನಮೋ ದೀಪ ಯಾಕೆ ಆರುತ್ತದೆ ಅನ್ನುವುದೆಲ್ಲ ಅದರಿಂದಲೇ ಬಿಚ್ಚಿಕೊಳ್ಳುತ್ತದೆ.

52ನೇ ಪುಟದ ಪ್ರಯೋಗದ ಬಗ್ಗೆ ಚರ್ಚೆಯೇ ಇಲ್ಲ. ಉಪ್ಪುನೀರಿಗೆ ಎರಡು ತಂತಿ ಇಳಿಬಿಟ್ಟು ಇನ್ನೊಂದು ತುದಿಯನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಲು ಹೇಳಿದ್ದೀರಿ. ‘ಹಿರಿಯರ ಸಮ್ಮುಖದಲ್ಲಿ’ ಎಂದು ಬರೆದರೂ ಪ್ರಯೋಜನವಿಲ್ಲ. ಮಕ್ಕಳ ಪುಸ್ತಕದಲ್ಲಿ 230 ವೋಲ್ಟಿನ ಪ್ರಯೋಗ ಬರುವುದಿಲ್ಲ. ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲಿ ಅದೇ ಗುಳ್ಳೆ ಬರುತ್ತದೆ. ಅದನ್ನೂ ಕಿಟಕಿ ತೆರೆದಿಟ್ಟು ಮಾಡಲಿ, ಉಪ್ಪುನೀರಿನಿಂದ ಕ್ಲೋರಿನ್ ಏಳುತ್ತದೆ.

ಬೆಳಕಿನ ಭಾಗದ ಚಿತ್ರಗಳನ್ನು ಯಾರು ಬರೆದರೋ ತಿಳಿಯದು. ನೀರಿನೊಳಗಿನ ನಾಣ್ಯದ ಚಿತ್ರದಲ್ಲಿ ಬಾಣದ ಗುರುತು ಕಣ್ಣಿನಿಂದ ಹೊರಟು ನಾಣ್ಯದ ಕಡೆಗೆ ಹೋಗಿದೆ. ಕಣ್ಣಿನಿಂದ ಬೆಳಕು ಹೊರಡುತ್ತದೆ ಎಂದು ಪ್ರಾಚೀನ ಗ್ರೀಕರಲ್ಲಿ ಕೆಲವರು ನಂಬಿದ್ದರು. ನಾವು ನಂಬುವುದು ಬೇಡ. ಬಾಣ ತಿರುಗಿದ್ದರಿಂದ ಪಠ್ಯವೂ ತಿರುಗಿ, ನೀರಿನಿಂದ ಗಾಳಿಗೆ ಬರುವ ಕಿರಣ ಲಂಬದ ಕಡೆಗೆ ಬಾಗುತ್ತದೆ ಎಂದಾಗಿಬಿಟ್ಟಿದೆ. ಅದು ಲಂಬದಿಂದ ದೂರಕ್ಕೆ ಬಾಗುತ್ತದೆ, ಹಾಗಾಗಿಯೇ ತಳ ಮೇಲೆದ್ದಂತೆ ಕಾಣುವುದು. ಸೂತ್ರದ ಜೊತೆಗೆ ಇದನ್ನೂ ಬರೆಯಿರಿ: ನೀರಿನ ವಕ್ರೀಭವನಾಂಕ ಸುಮಾರು 1.33, ಆದ್ದರಿಂದ ನೇರ ಮೇಲಿನಿಂದ ನೋಡಿದರೆ ಎಂಟು ಅಡಿ ಆಳದ ಕಲ್ಯಾಣಿ ಆರೇ ಅಡಿಯಂತೆ ಕಾಣುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಬೇಸಿಗೆ ರಜೆಯಲ್ಲಿ ಕೆರೆಗೆ ಧುಮುಕುವ ಹುಡುಗರಿಗೆ ಇದಕ್ಕಿಂತ ಉಪಯೋಗದ ಭೌತವಿಜ್ಞಾನ ಇನ್ನೊಂದಿಲ್ಲ.

ರಾಮನ್ ಅವರ ಬಗ್ಗೆ ಬರೆದ ಪುಟದಲ್ಲಿ ಭಕ್ತಿ ಹೆಚ್ಚು, ವಿವರ ಕಡಿಮೆ, ಇರುವ ವಿವರದಲ್ಲೂ ತಪ್ಪು. ಆಕಾಶ ಯಾಕೆ ನೀಲಿ ಎಂದು ವಿವರಿಸಿದವರು ರಾಮನ್ ಅಲ್ಲ, ಇಂಗ್ಲೆಂಡಿನ ವಿಜ್ಞಾನಿ ರ‍್ಯಾಲೆ. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂದೂ ಅವರು ಹೇಳಿದ್ದರು. 1921ರಲ್ಲಿ ಹಡಗಿನಲ್ಲಿ ವಾಪಸು ಬರುತ್ತ ರಾಮನ್ ಒಂದು ನಿಕಾಲ್ ಪ್ರಿಸಮ್ (ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹರಳು) ಹಿಡಿದು ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆದು ನೋಡಿದರು, ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದಾಯಿತು. ಆ ದಾರಿಯಲ್ಲಿ ನಡೆದು 1928ರ ಫೆಬ್ರವರಿ 28ಕ್ಕೆ ಕಂಡದ್ದು ಬೇರೆಯದೇ ವಿಷಯ: ಚದುರಿದ ಬೆಳಕಿನಲ್ಲಿ ತೀರಾ ಸಣ್ಣ ಪಾಲು ತನ್ನ ಬಣ್ಣವನ್ನೇ, ಅಂದರೆ ತರಂಗಾಂತರವನ್ನೇ, ಬದಲಿಸಿಕೊಂಡು ಬರುತ್ತದೆ. ಅದು ಆದದ್ದು ಕಲ್ಕತ್ತೆಯಲ್ಲಿ, ಜೊತೆಗಿದ್ದವರು ಕೆ.ಎಸ್. ಕೃಷ್ಣನ್. ರಾಮನ್ ಬೆಂಗಳೂರಿಗೆ ಬಂದದ್ದು 1933ರಲ್ಲಿ. ನಮ್ಮ ಊರಿನ ಮೇಲೆ ಅಭಿಮಾನ ಇರಲಿ, ಅದಕ್ಕಾಗಿ ಇಸವಿಯನ್ನು ಎಳೆದು ತರುವುದು ಬೇಡ.

ಪರಮಾಣುವಿನ ಭಾಗವನ್ನು ಸದ್ಯಕ್ಕೆ ಕೈಬಿಡಿ. ಅದು ಅವಸರದಲ್ಲಿ ಬರೆದದ್ದೆಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ‘ರುದರ್‌ಫರ್ಡ್ ನ್ಯೂಕ್ಲಿಯಸ್ ಕಂಡುಹಿಡಿದನು’ ಎಂದಷ್ಟೇ ಹೇಳಿದರೆ ಮಗು ನಂಬಬೇಕು, ಅಷ್ಟೆ. 1909ರಲ್ಲಿ ಗೈಗರ್ ಮತ್ತು ಇನ್ನೂ ವಿದ್ಯಾರ್ಥಿಯಾಗಿದ್ದ ಮಾರ್ಸ್‌ಡನ್ ಮ್ಯಾಂಚೆಸ್ಟರಿನ ಕತ್ತಲ ಕೋಣೆಯಲ್ಲಿ ಕೂತು, ಸತುವಿನ ಸಲ್ಫೈಡ್ ಪರದೆಯ ಮೇಲೆ ಮಿಣುಕುವ ಚುಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದರು. ಲೋಹದ ಹಾಳೆಗೆ ಬಡಿದ ಸುಮಾರು ಎಂಟು ಸಾವಿರ ಆಲ್ಫಾ ಕಣಗಳಲ್ಲಿ ಒಂದು ಹಿಂದಕ್ಕೆ ಪುಟಿದು ಬರುತ್ತಿತ್ತು. ಆ ಒಂದಕ್ಕೆ ಅರ್ಥ ಹೇಳಲು ರುದರ್‌ಫರ್ಡ್‌ಗೆ 1911ರವರೆಗೆ ಹಿಡಿಯಿತು. ಇದನ್ನು ಬಿಡಿಸಿ ಬರೆಯಲು ಇನ್ನೊಂದು ಪುಸ್ತಕವೇ ಬೇಕು. ಬರೆಯುವಾಗ ಮತ್ತೆ ಕೆಜಿಎಫ್‌ಗೆ ಹೋಗಿ: 1902ರ ಕರೆಂಟು ಇಳಿದ ಅದೇ ಗಣಿಗಳ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ, ಸುಲಭಕ್ಕೆ ಕೈಗೆ ಸಿಗದ ಕಣಗಳ ಸುಳಿವು ಸಿಕ್ಕಿತು. ಪ್ರಪಂಚದಲ್ಲಿ ಅಂಥ ಸುಳಿವು ಮೊದಲು ಸಿಕ್ಕ ಎರಡು ಜಾಗಗಳಲ್ಲಿ ಅದು ಒಂದು, ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ.

ಸದ್ಯಕ್ಕೆ ನನಗೆ ಬೇಕಾದದ್ದು ವಿದ್ಯುತ್ತು ಮತ್ತು ಕಾಂತತ್ವ ಎರಡೇ, ಎಂಬತ್ತು ಪುಟದೊಳಗೆ. ಅಧ್ಯಾಯದ ಕೊನೆಯ ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ ಯಾವುದೂ ಬೇಡ. ಮೊದಲು ಆ ಹುಡುಗಿಯ ಪ್ರಶ್ನೆಯಿಂದ ಶುರುವಾಗುವ ಒಂದು ಅಧ್ಯಾಯ ಬರೆದು, ಅಮ್ಮೀಟರು ಪ್ರಯೋಗವನ್ನು ನಿಮ್ಮ ತರಗತಿಯಲ್ಲೇ ಮಾಡಿ ನೋಡಿ, ಮಕ್ಕಳು ಏನೆಂದರೋ ಅವರ ಮಾತಿನಲ್ಲೇ ಸೇರಿಸಿ ಕಳಿಸಿ. ದಸರಾ ರಜೆ ಮುಗಿಯುವುದರೊಳಗೆ ಬಂದರೆ ಒಳ್ಳೆಯದು, ಆಮೇಲೆ ನಮ್ಮಲ್ಲಿ ರಾಜ್ಯೋತ್ಸವದ ಪುಸ್ತಕಗಳ ಗಲಾಟೆ. ಹಸ್ತಪ್ರತಿಯನ್ನು ಅಂಚೆಯಲ್ಲಿ ವಾಪಸು ಕಳಿಸಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನ ಗುರುತುಗಳಿವೆ. ಒಪ್ಪದ ಕಡೆ ಧಾರಾಳವಾಗಿ ಜಗಳ ಮಾಡಿ.

ಇತಿ ನಿಮ್ಮ,
ಸಂಪಾದಕ